ಫಿಲ್ಟರಿನಲ್ಲಿ ಸಿಕ್ಕ ಕಪ್ಪು ಉಣ್ಣೆ

ಒರೆಸಿದ ಮೇಲೆ ಆ ಕಂಬಳಿ ತುಂಡನ್ನು ಜೇಬಿಗೆ ಹಾಕಿಕೊಂಡೆನೋ, ಎಣ್ಣೆ ತೊಟ್ಟಿಯ ಅಂಚಿನಲ್ಲೇ ಬಿಟ್ಟೆನೋ? ಗೋವರ್ಧನ ಪ್ಯಾಂಟಿನ ಎರಡೂ ಜೇಬುಗಳನ್ನು ಮತ್ತೆ ತಡಕಿದ. ಇರಲಿಲ್ಲ.

ಬೆಳಿಗ್ಗೆ ಒಂದು ಸರ್ವರನ್ನು ಎಣ್ಣೆಯಿಂದ ಮೇಲೆತ್ತಿ ರಿಪೇರಿ ಮಾಡುವಾಗ ಒರೆಸುವ ಬಟ್ಟೆ ಮುಗಿದಿತ್ತು. ಬುತ್ತಿ ಬಿಸಿಯಾಗಿರಲೆಂದು ಅವ್ವ ಸುತ್ತಿಕೊಟ್ಟಿದ್ದ ಸವೆದ ಕಂಬಳಿ ತುಂಡು ಕೈಗೆ ಸಿಕ್ಕಿತು. ಹಟ್ಟಿಯಲ್ಲಿ ಎಣ್ಣೆ ಚೆಲ್ಲಿದರೆ ಒರೆಸುವುದು ಕಂಬಳಿಯಿಂದಲೇ. ಯೋಚನೆ ಮಾಡದೆ ಒರೆಸಿಬಿಟ್ಟಿದ್ದ.

ಅವನು ಕೆಲಸ ಮಾಡುವ ಕುದಾಪುರದ ಡೇಟಾ ಸೆಂಟರಿನಲ್ಲಿ ಸರ್ವರ್‌ಗಳಿಗೆ ಫ್ಯಾನಿಲ್ಲ. ಕರೆಂಟು ಹರಿಯಗೊಡದ ಒಂದು ಬಗೆಯ ಎಣ್ಣೆಯಲ್ಲಿ ಅವನ್ನು ಸಾಲಾಗಿ ಮುಳುಗಿಸಿಟ್ಟಿರುತ್ತಾರೆ. ಕಾದ ಎಣ್ಣೆಯನ್ನು ಪಂಪು ಎಳೆದು, ಸೋಸಿ, ತಣಿಸಿ ಮತ್ತೆ ತೊಟ್ಟಿಗೆ ಬಿಡುತ್ತದೆ. ಹಾಗಾಗಿ ಹಾಲ್ ತುಂಬ ಮೌನ. ಪಂಪಿನ ಸದ್ದು ಬದಲಾದದ್ದನ್ನು ಮೊದಲು ಹಿಡಿದವನು ಹೆಲ್ಪರ್ ಪಾಲಣ್ಣ, ಗೋವರ್ಧನನ ಸೋದರಮಾವ. ಚಳ್ಳಕೆರೆಯ ಮಿಲ್ಲಿನಲ್ಲಿ ಮೂವತ್ತು ವರ್ಷ ಕಡಲೆಕಾಯಿ ಎಣ್ಣೆ ಸೋಸಿದವನು. ಮಿಲ್ಲು ಮುಚ್ಚಿದ ಮೇಲೆ ಗೋವರ್ಧನನೇ ಇಲ್ಲಿಗೆ ಕರೆತಂದಿದ್ದ.

"ಲೇ, ಇದರ ಗಂಟಲು ಕಟ್ಟೈತೆ. ನಿನ್ನ ಕಂಪ್ಯೂಟರ್‌ಗಿನ್ನೂ ಗೊತ್ತಾಗಿಲ್ವ?"

ಹತ್ತು ನಿಮಿಷಕ್ಕೆ ಪರದೆಯೂ ಕೆಂಪಾಯಿತು. ಎಂಜಿನಿಯರ್ ಹರ್ಷಿತಾ ಫಿಲ್ಟರ್ ಬಿಚ್ಚಿಸಿದಳು. ಒಳಗೆ ಎಳೆಎಳೆಯಾಗಿ ಬಿಚ್ಚಿಕೊಂಡ ಕಪ್ಪು ಉಣ್ಣೆ.

ಎಲ್ಲರ ಕಣ್ಣೂ ಪಾಲಣ್ಣನ ಹೆಗಲಿಗೆ ಹೋಯಿತು. ಅಲ್ಲಿದ್ದ ಕರಿಕಂಬಳಿಯ ಅಂಚು ಕಿತ್ತುಹೋಗಿತ್ತು.

"ಪಾಲಣ್ಣಾರೇ, ಇದು ನಿಮ್ದೇನ್ರೀ?" ಹರ್ಷಿತಾ ಕೇಳಿದಳು.

ಪಾಲಣ್ಣ ಎಳೆಯೊಂದನ್ನು ಬೆರಳಲ್ಲಿ ಹೊಸೆದು ನೋಡಿದ. "ನಮ್ಮ ಹಟ್ಟಿ ಉಣ್ಣೇನೇ ಮೇಡಮ್ಮಾರೇ. ಇಲ್ಲಿಗೆ ಕಂಬಳಿ ಹಾಕ್ಕೊಂಡು ಬರೋನು ನಾನೊಬ್ನೇ. ನಂದೇ ಇರಬೇಕು." ತಡೆದು ಹೇಳಿದ, "ಮಿಲ್ಲಾಗೆ ಒಂದು ಕೂದಲು ಬೀಳಗೊಟ್ಟೋನಲ್ಲ."

"ಬಯ್ಯಕ್ಕೆ ಕೇಳಿದ್ದಲ್ಲ. ನಾಳೆಯಿಂದ ಬಾಗಿಲಾಚೆ ತೆಗೆದಿಟ್ಟು ಬನ್ನಿ, ಅಷ್ಟೆ."

ಗೋವರ್ಧನನ ಕೆಲಸ ಕಾಯಂ ಆಗಲು ಇನ್ನು ಆರು ವಾರವಿತ್ತು. ಕಂಪನಿ ಕೊಟ್ಟದ್ದು ಬಿಟ್ಟು ಬೇರೆ ಬಟ್ಟೆ ಬಳಸುವುದಿಲ್ಲವೆಂದು ಸಹಿ ಹಾಕಿಕೊಟ್ಟವನು ಅವನೇ. ಅವನು ಬಗ್ಗಿ, ಆಗಲೇ ಬಿಗಿಯಾಗಿದ್ದ ನಟ್ಟನ್ನು ಮತ್ತೆ ಬಿಗಿ ಮಾಡಿದ.

ಸಂಜೆ ಬಸ್ಸಿಗೆ ಕಾಯುತ್ತ ಪಾಲಣ್ಣ ಅಂಗೈ ಮೂಸಿ ನೋಡಿಕೊಂಡ. "ಈ ಎಣ್ಣೆಗೆ ವಾಸನೇನೇ ಇಲ್ಲ ಕಣ್ಲೇ. ನಾಳಿಂದ ನಾನು ಬರಲ್ಲ ಅಂತ ಮೇಡಮ್ಮಂಗೆ ಹೇಳ್ಬಿಡು."

"ಕಂಬಳಿ ಇಳಿಸಿದ್ರೆ ಸಾಕಂತಲ್ಲ, ಮಾವ."

"ಅದು ಬಿಡು, ಕಂಬಳಿ ಇಳಿಸಿ ಬರೋದೇನು ದೊಡ್ಡದಲ್ಲ. ನನ್ನ ಕೈ ಮೇಲೆ ನನಗೇ ನಂಬಿಕೆ ಹೋಯ್ತು."

ಮೊಳಕಾಲ್ಮೂರು ಕಡೆಯ ಬಸ್ಸು ಬಂತು. ಇಬ್ಬರೂ ಒಂದೇ ಸೀಟಿನಲ್ಲಿ ಕೂತರು.

ಮನೆಯಲ್ಲಿ ಅವ್ವ ಬುತ್ತಿ ಡಬ್ಬಿ ತಿರುಗಿಸಿ ನೋಡಿ, ಸುತ್ತಿದ್ದ ತುಂಡೆಲ್ಲಿ ಎಂದಳು. ಬಸ್ಸಿನಲ್ಲಿ ಬಿತ್ತು ಎಂದ.

ಫಿಲ್ಟರಿನಲ್ಲಿ ಸಿಕ್ಕ ಉಣ್ಣೆ ಆ ತುಂಡಿನದು ಎಂದು ಗೋವರ್ಧನ ಮಾವನಿಗೆ ಕೊನೆಯವರೆಗೂ ಹೇಳಲಿಲ್ಲ.