ಹೊಗೆ ಎಣಿಸಿದ ಶಾನುಭೋಗರು

“ಲೇ ಬಯ್ಯ, ಅಲ್ಲೇ ನಿಂತ್ಕೊಳ್ಳೋ ಬೇವರ್ಸಿ! ಏರಿ ಹತ್ತಿ ಬಂದು ಮೈಮೇಲೆ ಬೀಳ್ತೀಯೇನೋ?”

ಕೆರೆ ಏರಿಯ ಮೇಲೆ ಕೊಡೆ ಬಿಚ್ಚಿ ನಿಂತ ಶಾನುಭೋಗರು ನನ್ನ ಗಂಡ ಬಯ್ಯಪ್ಪನಿಗೆ ಕೊಟ್ಟ ಮರ್ಯಾದೆ ಇದು. ಅರವತ್ತೊಂದರ ಜನಗಣತಿ. ನಗರಗೆರೆ ಕಡೆಯ ನಮ್ಮ ಗುಂಡ್ಲಹಟ್ಟಿಯನ್ನು ಎಣಿಸಲು ಬಂದವರು ಹಟ್ಟಿಯೊಳಕ್ಕೆ ಕಾಲಿಡುವ ಹಾಗಿಲ್ಲ. ಮೈಲಿಗೆಯಂತೆ!

ಬಯ್ಯಪ್ಪ ಕೆಳಗಿನಿಂದಲೇ ಕೂಗಿದ. “ಒಳಿಕ್ ಬಂದು ಎಣಿಸ್ಕೊಳ್ಳಿ ಬುದ್ಧೀ. ಇಪ್ಪತ್ ಮನೆ ಇದ್ರೆ ಸರ್ಕಾರ ಬಾವಿ ಕೊಡ್ತದಂತೆ.”

“ನಂಗೆ ಕಣ್ಣಿಲ್ವೇನೋ? ಹೊಗೆ ಎಷ್ಟು ಏಳ್ತದೋ ಮನೆ ಅಷ್ಟು. ಒಂದು, ಎರಡು, ಮೂರು, ನಾಲ್ಕು. ಆಯ್ತು, ನಡಿ!”

ಆವತ್ತು ಬೆಳಿಗ್ಗೆ ನಮ್ಮ ನಲ್ಲಪ್ಪಜ್ಜ ತೀರಿಕೊಂಡಿದ್ದ. ಹೆಣ ಎತ್ತುವ ತನಕ ನಮ್ಮಲ್ಲಿ ದಾಯಾದಿಗಳು ಒಲೆ ಹಚ್ಚುವುದಿಲ್ಲ. ಹಟ್ಟಿಗೆ ಹಟ್ಟಿಯೇ ಅಜ್ಜನ ದಾಯಾದಿಗಳು. ಹೊರಗಿನಿಂದ ಬಂದ ಮನೆಯಳಿಯಂದಿರ ನಾಲ್ಕು ಗುಡಿಸಲುಗಳಲ್ಲಿ ಮಾತ್ರ ಎಲ್ಲರಿಗೂ ಗಂಜಿ ಬೇಯುತ್ತಿತ್ತು. ಅಜ್ಜ ಸಾಯಲು ಬೇರೆ ದಿನವೇ ಸಿಗಲಿಲ್ಲವೇ! ನಗಬೇಕೋ ಅಳಬೇಕೋ ತಿಳಿಯದೆ ನಾವು ಎರಡನ್ನೂ ಮಾಡಿದೆವು.

ಬಾವಿಯ ಆಸೆ ಸುಮ್ಮನೆ ಹುಟ್ಟಿದ್ದಲ್ಲ. ಊರ ಬಾವಿಯನ್ನು ನಾವು ಮುಟ್ಟುವ ಹಾಗಿಲ್ಲ. ಕಟ್ಟೆಯ ಕೆಳಗೆ ಕೊಡ ಇಟ್ಟುಕೊಂಡು ಕೂತಿರಬೇಕು, ಯಾವಳಿಗಾದರೂ ಕನಿಕರ ಬಂದರೆ ಮೇಲಿನಿಂದ ಸುರಿಯುತ್ತಾಳೆ. ನನ್ನ ಬಾಣಂತಿ ಮಗಳು ಕೂಸಿಗೆ ಕೆರೆಯ ರಾಡಿ ನೀರೇ ಹುಯ್ಯುತ್ತಿದ್ದಳು.

ಬೇಸಿಗೆಯಲ್ಲಿ ಗೌರಿಬಿದನೂರಿನಿಂದ ಅಮಲ್ದಾರರು ಬಂದರು. ಊರ ಬಾವಿಯ ಎದುರಿನ ಚಾವಡಿಯಲ್ಲಿ ಕೂತು, ಬಾವಿ ಬೇಕೆಂದು ನಾವು ಕೊಟ್ಟಿದ್ದ ಅರ್ಜಿ ವಿಚಾರಿಸಿದರು.

“ಅಲ್ಲಿ ನಾಲ್ಕೇ ಮನೆ ಸ್ವಾಮಿ,” ಎಂದರು ಶಾನುಭೋಗರು.

“ನಾಲ್ಕು ಮನೆಗೆ ಬಾವಿ ತೋಡಿಸಿದ್ರೆ ಮೇಲಿನೋರು ನನ್ನೇ ಅದರೊಳಕ್ಕೆ ತಳ್ತಾರಲ್ರೀ!” ಅಮಲ್ದಾರರು ನಕ್ಕರು.

ನನಗೆ ತಡೆಯಲಾಗಲಿಲ್ಲ. “ಬುದ್ಧೀ, ಒಂದ್ಸಲ ಹಟ್ಟಿಗೆ ಬಂದು ನೋಡಿ.”

“ಎಲಾ ಇವಳ! ಅಮಲ್ದಾರರು ನಿನ್ನ ಗುಡಿಸಲಿಗೆ ಬರಬೇಕೇನೇ? ಬಾಯ್ಮುಚ್ಕೊಂಡು ಹೋಗೇ, ಮುಂಡೆ!” ಶಾನುಭೋಗರು ಕಿರುಚಿದರು.

“ಗಂಡ ಗುಂಡುಕಲ್ಲಂಗವ್ನೆ ಬುದ್ಧೀ. ನೀವು ಎಣಿಸ್ನಿಲ್ಲ ಅಷ್ಟೆ.”

ಹೋದೆ. ಬರುವಾಗ ಒಬ್ಬಳೇ ಬರಲಿಲ್ಲ. ಮನೆಗೊಬ್ಬಳಂತೆ ಹಟ್ಟಿಯ ಹೆಂಗಸರೆಲ್ಲ ಮಂಕರಿಯಲ್ಲಿ ಮೂರು ಮೂರು ಕಲ್ಲು, ಒಂದೊಂದು ಮಡಕೆ ಹೊತ್ತು ನನ್ನ ಹಿಂದೆ ಬಂದರು. ಗಂಡಸರು ಸೌದೆ, ಹಸಿ ಹೊಂಗೆಸೊಪ್ಪು ತಂದರು. ಚಾವಡಿಯ ಮುಂದೆ ಸಾಲಾಗಿ ಇಪ್ಪತ್ತಕ್ಕೂ ಮಿಕ್ಕಿ ಒಲೆ ಹೂಡಿದೆವು. ಪಕ್ಕದ ಗುಡಿಸಲಿನ ಆದಿಲಕ್ಷ್ಮಮ್ಮ ಒಂದು ಕೆಂಡ ತಂದಿದ್ದಳು, ಅದರಿಂದಲೇ ಎಲ್ಲ ಒಲೆಗೂ ಬೆಂಕಿ ದಾಟಿಸಿದೆವು. ಮದುವೆ ಅಡುಗೆಗೆ ಕೂತವರ ಹಾಗೆ ಒಬ್ಬರನ್ನೊಬ್ಬರು ಛೇಡಿಸಿಕೊಂಡು ಊದಿದೆವು.

ಹೊಗೆ ಸೀದಾ ಚಾವಡಿಗೆ ನುಗ್ಗಿತು. ಅಮಲ್ದಾರರು ಕೆಮ್ಮುತ್ತ, ಕಣ್ಣುಜ್ಜುತ್ತ ಹೊರಗೆ ಓಡಿಬಂದರು.

“ಎಣಿಸ್ಕೊಳ್ಳಿ ಬುದ್ಧೀ,” ಎಂದೆ. “ಇವತ್ತು ಯಾರೂ ಸತ್ತಿಲ್ಲ.”

“ಆರಿಸ್ರೇ ಬೋಸುಡಿಗಳಾ! ಊರು ಸುಟ್ಟುಹೋಗ್ತದೆ, ಆರಿಸ್ರೇ!” ಶಾನುಭೋಗರು ಕುಣಿದಾಡಿದರು.

“ಆರ್ಸಕ್ ನೀರ್ ಬೇಕಲ್ಲ ಬುದ್ಧೀ,” ಎಂದ ಬಯ್ಯಪ್ಪ, ತಲೆಯ ವಸ್ತ್ರ ಬಿಚ್ಚದೆ. “ನಾವು ಬಾವಿ ಮುಟ್ಟಂಗಿಲ್ಲ. ನೀವೇ ಸೇದಿ.”

ಅಮಲ್ದಾರರು ಒಲೆಗಳ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಆಮೇಲೆ ಶಾನುಭೋಗರ ಕಡೆ ತಿರುಗಿ, “ಸೇದ್ರೀ ಮತ್ತೆ!” ಎಂದು ಗದರಿದರು.

ಶಾನುಭೋಗರು ಪಂಚೆ ಎತ್ತಿ ಕಟ್ಟಿ ರಾಟೆಯ ಹಗ್ಗ ಹಿಡಿದರು. ಒಂದು ಒಲೆ ಆರಿಸಿ ಅವರು ಮತ್ತೊಂದು ಕೊಡ ಸೇದುವಷ್ಟರಲ್ಲಿ ನಾವು ಅದನ್ನು ಮತ್ತೆ ಹಚ್ಚುತ್ತಿದ್ದೆವು.