ಮನೆ ಬಾಗಿಲಿಗೆ ಬಂದ ಗ್ರಾಮಸಭೆ

ಶಾಯಿಯ ವಾಸನೆ ಎಂದರೆ ಹುಲಗಮ್ಮನಿಗೆ ಅಪ್ಪನ ನೆನಪು. ಅವಳು ಚಿಕ್ಕವಳಿದ್ದಾಗ ಚಾವಡಿಯಿಂದ ಬಂದ ಅಪ್ಪ ಎತ್ತಿಕೊಂಡರೆ, ಹೆಬ್ಬೆರಳ ನೀಲಿ ಶಾಯಿಯೂ ತಲೆಗೆ ಹಚ್ಚಿದ ಕುಸುಬಿ ಎಣ್ಣೆಯೂ ಬೆರೆತ ಘಾಟು ಮೂಗಿಗೆ ಬಡಿಯುತ್ತಿತ್ತು. ಹೆಬ್ಬೆಟ್ಟು ಒತ್ತಿದವರು ಬೆರಳನ್ನು ಕೂದಲಿಗೆ ಒರೆಸಿಕೊಳ್ಳುವುದು ಆ ಕಾಲದ ರೂಢಿ.

"ಎದಕ್ಕ ಒತ್ತಿದಿ ಯಪ್ಪಾ?"

"ಒತ್ತು ಅಂದ್ರು, ಒತ್ತಿದ್ನೆವ್ವಾ."

ಐವತ್ತು ವರ್ಷ ಕಳೆದವು. ಹುಲಗಮ್ಮನೂ ಹಾಗೆಯೇ ಒತ್ತುತ್ತ ಬಂದಳು.

ತಾವರಗೇರಾದಿಂದ ಒಳಗೆ, ಬಸ್ಸು ಹೋಗದ ದಾರಿಯಲ್ಲಿ, ಅರವತ್ತು ಮನೆಗಳ ಹುಣಸಿದೊಡ್ಡಿ ಅವಳದು. ಪಂಚಾಯಿತಿ ಇರುವ ಊರು ಆರು ಕಿಲೋಮೀಟರ್ ದೂರ. ಹಾಗಾಗಿ ದೊಡ್ಡಿಯವರು ಗ್ರಾಮಸಭೆಗೆ ಹೋಗುತ್ತಿರಲಿಲ್ಲ. ಗ್ರಾಮಸಭೆಯೇ ಗಾಳೇಶನ ಕಂಕುಳಲ್ಲಿ ಕೂತು ಮನೆ ಮನೆಗೆ ಬರುತ್ತಿತ್ತು. ಗಾಳೇಶ ಪಂಚಾಯಿತಿಯ ನೌಕರ, ನಲ್ಲಿಗೆ ನೀರು ಬಿಡುವವನು. ವರ್ಷಕ್ಕೆ ಎರಡು ಸಲ ದಪ್ಪ ಹಾಜರಿ ಪುಸ್ತಕ, ಶಾಯಿ ಡಬ್ಬಿ ಹಿಡಿದು ಸೈಕಲ್ ತುಳಿದು ಬರುವನು.

"ದೊಡ್ಡವ್ವಾ, ಗ್ರಾಮಸಭಾದ್ದು ಒಂದು ಹೆಬ್ಬಟ್ಟು."

"ಬಾರಪಾ, ಎಂಥ ಬಿಸಿಲಾಗ ಬಂದಿ! ಮೊದ್ಲ ನೆಳ್ಳಿಗೆ ಕುಂದ್ರು."

ಗಾಳೇಶ ಮಜ್ಜಿಗೆ ಕುಡಿದ. ಹುಲಗಮ್ಮ ಹೆಬ್ಬೆಟ್ಟು ಒತ್ತಿದಳು. ಅಷ್ಟರಲ್ಲಿ ಸೊಸೆ ಹೇಮಾ ಹೊರಗೆ ಬಂದು ಪುಸ್ತಕದೊಳಗೆ ಇಣುಕಿದಳು.

"ಅಣ್ಣಾ, ಮ್ಯಾಲಿನ ಹಾಳಿ ಖಾಲಿ ಐತಲ್ರಿ?"

"ಸಾಹೇಬ್ರು ಆಮ್ಯಾಲ ಬರೀತಾರವಾ. ಏನು ಬರೀತಾರೋ, ನಂಗೇನು ಗೊತ್ತು?"

"ಏ, ಸುಮ್ನಿರು ನೀ," ಎಂದು ಹುಲಗಮ್ಮ ಗದರಿದಳು. "ಪಾಪ, ತನ್ನ ನೌಕ್ರಿ ಮಾಡಾಕ ಬಂದಾನ. ಊರಾಗ ಹಿರ್ಯಾರು ಅದಾರ, ನೋಡ್ಕೋತಾರ. ನಿನ್ನಿ ಮೊನ್ನಿ ಬಂದಾಕಿ ನಿಂಗ್ಯಾಕ?"

ಹಿಟ್ನಾಳದಿಂದ ಹೇಮಾ ಸೊಸೆಯಾಗಿ ಬಂದು ಏಳು ವರ್ಷವಾಗಿತ್ತು.

ದೊಡ್ಡಿಯ ಬೋರಿನ ನೀರು ನೋಡಲು ತಿಳಿ. ಆದರೆ ಫ್ಲೋರೈಡ್ ಹೆಚ್ಚಾಗಿ ಎಲುಬಿಗೆ ಹತ್ತುವ ನೀರು. ಅದಕ್ಕೆಂದೇ ಹಾಕಿದ್ದ ಶುದ್ಧ ನೀರಿನ ಘಟಕ ಕೆಟ್ಟು ಮೂರು ವರ್ಷವಾಗಿತ್ತು. ಈಗ ಅದರ ನೆರಳಲ್ಲಿ ಆಡುಗಳು ಮಲಗುತ್ತಿದ್ದವು. ಹುಲಗಮ್ಮನ ಗಂಡ ದುರಗಪ್ಪನ ಬೆನ್ನು ಬಿಲ್ಲಿನಂತೆ ಬಾಗಿತ್ತು. ಗೋಣೆತ್ತಲು ಆಗುತ್ತಿರಲಿಲ್ಲ. ಮಾತಾಡಿಸಲು ಬಂದವರು ತಮ್ಮ ಮುಖ ಅವನಿಗೆ ಕಾಣಲೆಂದು ಅವನೆದುರು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂರುತ್ತಿದ್ದರು.

ಆ ವರ್ಷ ಮೊಮ್ಮಗಳು ರಂಜಿತಾಳ ಮೊಣಕಾಲು ಒಳಕ್ಕೆ ತಿರುಗತೊಡಗಿದವು. ಹುಡುಗಿಗೆ ಆರು ವರ್ಷ. ಓಡಲು ಹೋದರೆ ಬೀಳುವಳು. ಆಶಾ ಕಾರ್ಯಕರ್ತೆ ಫಾತಿಮಾಬೀ ತಾನೇ ಜೊತೆಗೆ ಬಂದು ಕೊಪ್ಪಳದ ಆಸ್ಪತ್ರೆಗೆ ತೋರಿಸಿದಳು. ವೈದ್ಯರು ಕಾಲು ಮುಟ್ಟಿ ನೋಡಿ ಹೇಳಿದರು: "ಮೊದಲು ನೀರು ಬದಲಿಸ್ರಿ. ಅದೇ ನೀರು ಕುಡಿಯೋತನಕ ಯಾವ ಔಷಧಾನೂ ನಾಟೂದಿಲ್ಲ. ತಡಾ ಮಾಡಿದ್ರ ಕಾಲು ಇನ್ನಷ್ಟು ಬಾಗ್ತಾವ."

ಹೇಮಾಳ ಗಂಡ ಯಂಕೇಶ ಬೈಕಿನ ಮೇಲೆ ತಾವರಗೇರಾದಿಂದ ಕ್ಯಾನು ನೀರು ತರತೊಡಗಿದ. ಆದರೆ ನೆರೆಮನೆಯ ಮಕ್ಕಳ ಹಲ್ಲೂ ಅದೇ ನೀರಿಗೆ ಕಂದು ಬಣ್ಣಕ್ಕೆ ತಿರುಗಿದ್ದವು. ಅವರಿಗೆ ಯಾರು ತರಬೇಕು?

ಹೇಮಾ ಫಾತಿಮಾಬೀಯನ್ನು ಕರೆದುಕೊಂಡು ಪಂಚಾಯಿತಿಗೆ ಹೋದಳು. ಅರ್ಜಿ ಬರೆದುಕೊಟ್ಟು, ನಾಲ್ಕು ಸಲ ತಿರುಗಿ, ಕಡೆಗೆ ಗ್ರಾಮಸಭೆಯ ನಡಾವಳಿಯ ಜೆರಾಕ್ಸ್ ತಂದಳು. ಸಂಜೆ ಅಂಗಳದಲ್ಲಿ ಫಾತಿಮಾಬೀಯ ಪಕ್ಕ ಕೂತು ಓದಿದಳು.

"'ಹುಣಸಿದೊಡ್ಡಿಯ ನೀರಿನ ಘಟಕ ಸುಸ್ಥಿತಿಯಲ್ಲಿದೆ. ಕುಡಿಯುವ ನೀರಿನ ಬೇಡಿಕೆ ಇರುವುದಿಲ್ಲ. ಸಭೆ ಒಪ್ಪಿದೆ.' ಹಿಂಗ ಬರದಾರ್ರಿ ಅತ್ತಿ."

"ಯಾವ ಮನಿಮುರಕರು ಒಪ್ಪಿದ್ರು ಇದಕ್ಕ?"

ಹೇಮಾ ಹಾಳೆ ತಿರುಗಿಸಿ ಅತ್ತೆಯ ಮುಂದೆ ಹಿಡಿದಳು. ಹುಲಗಮ್ಮನಿಗೆ ಅಕ್ಷರ ಬಾರದು. ಆದರೆ ನಾಲ್ಕನೆಯ ಹೆಬ್ಬೆಟ್ಟನ್ನು ಅವಳು ಗುರುತಿಸಿದಳು. ಅದರ ನಡುವೆ ಕುಡಗೋಲು ತಾಗಿದ ಹಳೆಯ ಗಾಯದ ಗೆರೆ ಬಿಳಿಯಾಗಿ ಉಳಿದಿತ್ತು.

ಅವಳು ತನ್ನ ಹೆಬ್ಬೆರಳನ್ನು ಆ ಗುರುತಿನ ಪಕ್ಕ ಇಟ್ಟು ನೋಡಿದಳು. ಆಮೇಲೆ ಮೆಲ್ಲಗೆ, "ಬೀ, ಇನ್ನ ಏನು ಮಾಡೂದು?" ಎಂದಳು.

"ಸಭಾಕ್ಕ ಹೋಗೂದು," ಎಂದಳು ಫಾತಿಮಾಬೀ. "ಹದಿನೆಂಟು ತುಂಬಿ ಮತದಾರ ಪಟ್ಟಿಯಾಗ ಹೆಸರಿದ್ರ ಸಾಕು, ಅಲ್ಲಿ ಎದ್ದು ಮಾತಾಡೂ ಹಕ್ಕು ಐತಿ. ಸಾಕಷ್ಟು ಮಂದಿ ಬರಲಿಲ್ಲಂದ್ರ ಸಭಾ ನಡಸಾಕ ಬರಂಗಿಲ್ಲ. ಅದಕ್ಕಽ ಪುಸ್ತಕ ನಿಮ್ಮ ಮನಿಗೆ ಬರತೈತಿ."

"ಹುಡ್ರ ಮಾತು ಯಾರು ಕೇಳ್ತಾರ?"

"ಒಬ್ಬರದು ಕೇಳಂಗಿಲ್ಲ. ಇಪ್ಪತ್ತು ಮಂದಿ ಹೋಗ್ರಿ, ಹೆಂಗ ಕೇಳೂದಿಲ್ಲ ನೋಡೂಣು."

ಮಂಚದ ಮೇಲಿಂದ ದುರಗಪ್ಪ ಹೇಳಿದ: "ನಾ ಕೇಳಿದ್ದಿಲ್ಲ, ನಿಮ್ಮಪ್ಪನೂ ಕೇಳಿದ್ದಿಲ್ಲ. ಈ ಹುಡುಗಿ ಕೇಳ್ಯಾಳ. ಅಡ್ಡ ಬರಬ್ಯಾಡ."

ಹೇಮಾ, ಯಂಕೇಶ ಇಬ್ಬರೂ ದೊಡ್ಡಿಯ ಹುಡುಗ ಹುಡುಗಿಯರ ಮನೆಗೆಲ್ಲ ಹೋದರು. ಕೆಲವರು ನಕ್ಕರು.

"ಏನು ವೈನಿ, ಪಂಚಾಯಿತಿ ಮೆಂಬರ್ ಆಗೂ ವಿಚಾರ ಐತೇನು?"

"ಇಪ್ಪತ್ತೊಂದು ತುಂಬಿದವ್ರು ಯಾರರ ನಿಲ್ಲಬಹುದು. ನಾ ಯಾಕ ಆಗಬಾರದು? ಮೊದ್ಲ ನಿನ್ನ ತಂಗಿ ಹಲ್ಲು ನೋಡು, ಆಮ್ಯಾಲ ನಗು."

ಮುಂದಿನ ಸಲ ಗಾಳೇಶ ಬಂದಾಗ ಒಂದು ಮನೆಯಲ್ಲೂ ಸಹಿ ಸಿಗಲಿಲ್ಲ. "ಅಲ್ಲೇ ಬಂದು ಒತ್ತೀವಪಾ," ಎಂದರು. ಖಾಲಿ ಪುಸ್ತಕ ಒಯ್ದರೆ ಬೈಗುಳ ತನಗೇ ಎಂದು ಅವನಿಗೆ ಗೊತ್ತಿತ್ತು. ಆದರೂ ಸೈಕಲ್ ಹತ್ತುವ ಮುನ್ನ ಹೇಮಾಳ ಕಡೆ ತಿರುಗಿ, "ಸೋಮವಾರ ಹನ್ನೊಂದಕ್ಕ ಐತವಾ. ಹತ್ತಕ್ಕ ಬರ್ರಿ, ಮುಂದ ಕುಂದ್ರಾಕ ಜಾಗಾ ಸಿಗತೈತಿ," ಎಂದು ಹೇಳಿ ಹೋದ.

ಸೋಮವಾರ ಇಪ್ಪತ್ತಮೂರು ಜನ ಟ್ರ್ಯಾಕ್ಟರ್ ಹತ್ತಿದರು. ಹುಲಗಮ್ಮನೂ ಹತ್ತಿದಳು. ಸಭೆಯಲ್ಲಿ ಹೇಮಾ ನಡಾವಳಿಯ ಜೆರಾಕ್ಸ್ ಹಿಡಿದು ಎದ್ದು ನಿಂತಳು. ಮುಂದೆ ಕೂತ ಹಿರಿಯರೊಬ್ಬರು ಗಟ್ಟಿಯಾಗಿ ಕೇಳಿದರು: "ಯಾಕವಾ, ನಿಮ್ಮ ದೊಡ್ಡಿಯಾಗ ಹಿರ್ಯಾರೆಲ್ಲ ಸತ್ತಾರೇನು, ಹೆಣ್ಮಗಳು ಎದ್ದು ನಿಂತಾಳ?"

ಹುಲಗಮ್ಮ ಕೂತಲ್ಲಿಂದಲೇ ಉತ್ತರ ಕೊಟ್ಟಳು.

"ಸತ್ತಿಲ್ರಿ ಯಪ್ಪಾ, ಬಗ್ಗೀವಿ. ನೆಟ್ಟಗ ನಿಲ್ಲಾಕ ಬರೋರು ನಿಂತಾರ. ಮಾತಾಡ್ಲಿ ಬಿಡ್ರಿ."

ಹೇಮಾ ಹಳೆಯ ನಡಾವಳಿಯ ಠರಾವನ್ನು ಓದಿದಳು, ಅದು ಸುಳ್ಳು ಎಂದಳು, ಹೊಸದನ್ನು ಎಲ್ಲರ ಮುಂದೆಯೇ ಬರೆಯಿರಿ ಎಂದಳು. ಅಧಿಕಾರಿ ಬರೆದರು. ಗಟ್ಟಿಯಾಗಿ ಓದಿಸಿ ಕೇಳಿದ ಮೇಲೆಯೇ ದೊಡ್ಡಿಯವರು ಸಹಿ ಮಾಡಿದರು.

ಘಟಕ ದುರಸ್ತಿಯಾಗಿ ನಡೆಯಲು ಐದು ತಿಂಗಳು ಹಿಡಿಯಿತು. ಹುಡುಗರು ಮತ್ತೆ ಮತ್ತೆ ಹೋಗಿ ಕೇಳಬೇಕಾಯಿತು. ದುರಗಪ್ಪ ಆ ನೀರು ಕುಡಿಯಲಿಲ್ಲ. ಅಷ್ಟರೊಳಗೆ ತೀರಿಕೊಂಡಿದ್ದ. ರಂಜಿತಾಳ ಕಾಲು ನೆಟ್ಟಗಾಗಿಲ್ಲ. ಇನ್ನಷ್ಟು ಬಾಗಿಲ್ಲ, ಅಷ್ಟೆ. ಮೂರು ವರ್ಷ ಮೊದಲೇ ಯಾರಾದರೂ ಆ ಖಾಲಿ ಹಾಳೆಯ ಬಗ್ಗೆ ಕೇಳಿದ್ದರೆ ಆ ಹುಡುಗಿ ಇಂದು ಓಡುತ್ತಿದ್ದಳು.

ಇದನ್ನು ಓದುತ್ತಿರುವ ತಮ್ಮಂದಿರೇ, ತಂಗಿಯರೇ, ನಿಮ್ಮ ಊರಿನ ಗ್ರಾಮಸಭೆ ಕಡೆಯ ಸಲ ಎಲ್ಲಿ ನಡೆಯಿತು? ಕಟ್ಟಡದಲ್ಲೋ, ನಿಮ್ಮ ಮನೆಯ ಬಾಗಿಲಲ್ಲೋ? ಖಾಲಿ ಹಾಳೆಗೆ ಸಹಿ ಹಾಕಬೇಡಿ. ಅಕ್ಷರ ಬಾರದ ಅವ್ವ ಅಪ್ಪನಿಗೆ ಓದಿ ಹೇಳಿ. ಹೆಸರು ಮತದಾರ ಪಟ್ಟಿಯಲ್ಲಿ ಇಲ್ಲದಿದ್ದರೆ ಈ ವಾರವೇ ಸೇರಿಸಿ. ಗ್ರಾಮಸಭೆಯ ಡಂಗುರ ಕೇಳಿದರೆ ಒಬ್ಬರೇ ಹೋಗಬೇಡಿ, ಗೆಳೆಯರನ್ನು ಕರೆದುಕೊಂಡು ಹೋಗಿ. ಹಿರಿಯರೇ, ಅವರು ಎದ್ದು ನಿಂತರೆ ಕೂರಿಸಬೇಡಿ.

ಆ ಸೋಮವಾರ ಸಭೆ ಮುಗಿದಾಗ ಮೂರು ಗಂಟೆ. ಹೇಮಾ ಹೊರಗಿನ ಗೋಡೆಗೆ ಒರಗಿ ಕೂತಳು. ಬೆಳಗಿನಿಂದ ಅವಳು ಏನೂ ತಿಂದಿರಲಿಲ್ಲ. ಹುಲಗಮ್ಮ ಅವಳ ಪಕ್ಕದಲ್ಲಿ ಕೂತು ಬುತ್ತಿ ಬಿಚ್ಚಿದಳು. ಎರಡು ಜೋಳದ ರೊಟ್ಟಿಯ ಮೇಲೆ ಪುಂಡಿಪಲ್ಯ, ಶೇಂಗಾ ಚಟ್ನಿ ಇಟ್ಟು, ಮೊದಲು ಸೊಸೆಯ ಕೈಗೆ ಕೊಟ್ಟಳು.