ಒಡೆದುಹೋದ ಬಣ್ಣ

ನಮ್ಮ ಬಣ್ಣದ ಕಾರ್ಖಾನೆಯ ದೊಡ್ಡ ತೊಟ್ಟಿಯಲ್ಲಿದ್ದ ಮಾಲು ಬೆಳಿಗ್ಗೆ ಹನ್ನೊಂದಕ್ಕೆ ಹಾಲು ಒಡೆದಂತೆ ಒಡೆಯಿತು. ತೊಟ್ಟಿ ನೋಡಿಕೊಳ್ಳುವವರು ನನ್ನ ಭಾವ, ಲ್ಯಾಬ್ ನೋಡಿಕೊಳ್ಳುವವಳು ನಾನು. ನನ್ನ ಊಟ, ವಾಸ ಎಲ್ಲ ಅಕ್ಕ-ಭಾವನ ಮನೆಯಲ್ಲೇ. ಈ ಕೆಲಸ ಕೊಡಿಸಿದ್ದೂ ಭಾವನೇ.

ಹತ್ತೂವರೆಗೆ ಅವರು ಫೋನ್ ಮಾಡಿದ್ದರು. "ಶುದ್ಧನೀರು ಖಾಲಿ ಆಗಿದೆ ಪುಟ್ಟಿ. ಮೆದುನೀರಿನ ನಲ್ಲಿಯಿಂದ ನಾಲ್ಕು ಬಕೆಟ್ ಹಾಕ್ಲಾ?"

"ಹಾಕಿ ಭಾವ, ಅಷ್ಟಕ್ಕೆಲ್ಲ ಏನೂ ಆಗಲ್ಲ. ನೂರು ಸಲ ಕೇಳ್ಬೇಡಿ."

ನನಗಾಗ ತಲೆ ಕೆರೆದುಕೊಳ್ಳಲೂ ಪುರುಸೊತ್ತಿರಲಿಲ್ಲ. ಗಡಸುನೀರನ್ನು ಮೆದುಮಾಡಿ ಆ ನಲ್ಲಿಗೆ ಬಿಡುವ ಯಂತ್ರವನ್ನು ಉಪ್ಪುನೀರಿನಲ್ಲಿ ತೊಳೆಯಲು ಬೆಳಿಗ್ಗೆ ಬಿಟ್ಟವಳು ನಾನೇ. ನಲ್ಲಿಯಲ್ಲಿ ಬರುತ್ತಿದ್ದದ್ದು ಆ ಉಪ್ಪುನೀರೇ. ಮರೆತೇ ಹೋಗಿತ್ತು, ನನ್ನ ಬುದ್ಧಿಗಿಷ್ಟು!

"ಯಾರನ್ನ ಕೇಳಿ ಹಾಕಿದ್ರಿ?" ಮ್ಯಾನೇಜರ್ ಕೂಗಾಡಿದರು.

"ಯಾರನ್ನೂ ಕೇಳ್ಲಿಲ್ಲ ಸಾರ್," ಎಂದರು ಭಾವ. ಪಕ್ಕದಲ್ಲೇ ನಿಂತಿದ್ದ ನಾನು ಬಾಯಿ ಬಿಡಲಿಲ್ಲ.

ಕಾರಣ ಬರೆದುಕೊಡುವ ಕೆಲಸ ನನಗೇ ಬಂತು. ಬರೆದೆ: ಬಣ್ಣದ ಕಣಗಳೆಲ್ಲ ಒಂದೇ ಬಗೆಯ ವಿದ್ಯುದಂಶ ಹೊತ್ತಿರುತ್ತವೆ. ಒಂದನ್ನು ಕಂಡರೆ ಒಂದಕ್ಕೆ ಆಗದು, ಪರಸ್ಪರ ದೂರ ತಳ್ಳಿಕೊಂಡೇ ನೀರಿನಲ್ಲಿ ಹರಡಿಕೊಂಡಿರುತ್ತವೆ. ತೀರಾ ಹತ್ತಿರ ಬಂದರೆ ಅಂಟಿಕೊಳ್ಳುವ ಸೆಳೆತವೂ ಅವಕ್ಕಿದೆ. ಉಪ್ಪು ಸೇರಿದರೆ ಅದರ ಅಯಾನುಗಳು ಕಣಗಳನ್ನು ಮುತ್ತಿಕೊಂಡು ಆ ತಳ್ಳಾಟವನ್ನು ಅಡಗಿಸುತ್ತವೆ. ಆಗ ಸೆಳೆತ ಗೆದ್ದು ಎಲ್ಲ ಗಡ್ಡೆ ಕಟ್ಟುತ್ತದೆ. ಚಿತ್ರವನ್ನೂ ಬರೆದೆ. ಫೋನಿನ ವಿಷಯ ಮಾತ್ರ ಬರೆಯಲಿಲ್ಲ.

"ಅಚ್ಚುಕಟ್ಟಾಗಿದೆ," ಎಂದು ನನ್ನನ್ನು ಹೊಗಳಿದ ಮ್ಯಾನೇಜರ್, ಭಾವನಿಗೆ ನಾಳೆಯಿಂದ ಬರಬೇಡಿ ಎಂದರು. ನಾಚಿಕೆಯಿಂದ ಹಿಡಿಯಷ್ಟಾದೆ. ಹೊರಗೆ ಬಂದು ಭಾವನ ಜೊತೆ ಬಸ್ ಹತ್ತಿದೆ.

ಸಂಜೆ ಅಕ್ಕ ಬಡಿಸುತ್ತಲೇ ಗಂಡನನ್ನು ತರಾಟೆಗೆ ತೆಗೆದುಕೊಂಡಳು. "ಇಪ್ಪತ್ತು ವರ್ಷದ ಅನುಭವ ಅಂತೆ! ಓದಿದೋಳು ಪಕ್ಕದ ರೂಮಲ್ಲೇ ಇದ್ಲಲ್ಲ. ಅವಳನ್ನ ಒಂದ್ ಮಾತು ಕೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

ಭಾವ ತಲೆ ತಗ್ಗಿಸಿಕೊಂಡು ಉಣ್ಣುತ್ತಿದ್ದರು. ನಾನು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಬಿಟ್ಟೆ.

"ಕೇಳಿದ್ರು ಅಕ್ಕ. ಹಾಕಿ ಅಂದೋಳು ನಾನೇ."

ಅಕ್ಕ ನನ್ನ ಮುಖ ನೋಡಿದಳು, ಆಮೇಲೆ ಅವರ ಮುಖ.

"ಒಂದು ಮನೇಲಿ ಒಬ್ರ ಕೆಲಸ ಹೋಗಿರೋದು ಸಾಲ್ದಾ?" ಎಂದರು ಭಾವ. "ಸುಮ್ನೆ ಊಟ ಮಾಡು."

ಅಕ್ಕ ಅವರ ತಟ್ಟೆಗೆ ಇನ್ನೊಂದು ಸೌಟು ಬಡಿಸಿದಳು. ನನ್ನ ಕಡೆ ತಿರುಗಲೇ ಇಲ್ಲ.